ರಾಹುಕಾಲಕ್ಕೆ ಮುಂಚೆ ಗೇಟು ದಾಟಬೇಕು

ನಮ್ಮ ಮನೆಯ ಕಾರಿಗೆ ಬಿದ್ದ ಪೆಟ್ಟುಗಳೆಲ್ಲ ಸೋಮವಾರದವು. ಇದನ್ನು ಮೊದಲು ಗಮನಿಸಿದವಳು ನಾನು. ಗಮನಿಸಿ ಸುಮ್ಮನಿರದೆ ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿಬಿಟ್ಟೆ. ಅದಾದ ಮೇಲೆ ಕೆಲವು ದಿನ ಮನೆಯಲ್ಲಿ ಯಾರೂ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮದುವೆಯಾದ ಹೊಸತರಲ್ಲೇ ನಮ್ಮತ್ತೆ ಬೀದಿಗೆಲ್ಲ ಸಾರಿಯಾಗಿತ್ತು. ಹಾಗಾಗಿ ನಾನು ಏನು ಹೇಳಿದರೂ 'ಪಾಪ, ಸಿಟ್ಟಲ್ಲಿ ಏನೋ ಅಂತಾಳೆ' ಎಂದು ತಳ್ಳಿಹಾಕುವುದು ಎಲ್ಲರಿಗೂ ಬಹಳ ಅನುಕೂಲವಾಗಿತ್ತು.

ತೊಂಬತ್ತರ ದಶಕದ ನಡುಭಾಗ ಅದು. ಬಸವನಗುಡಿಯಲ್ಲಿ, ಗಾಂಧಿ ಬಜಾರಿನಿಂದ ಎರಡು ಅಡ್ಡರಸ್ತೆ ಆಚೆಗೆ ನಮ್ಮ ಮನೆ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು ಮತ್ತು ಎರಡನೇ ಕ್ಲಾಸಿನ ಮಗಳು. ಗಂಡನಿಗೆ ಕಾರ್ಖಾನೆಯಲ್ಲಿ ಮೊದಲ ಪಾಳಿ, ಬೆಳಗ್ಗೆ ಕಾಫಿ ಕುಡಿದು ಹೊರಟರೆ ಕಂಪನಿ ಬಸ್ಸು. ಅವರಿಗೆ ಸ್ಕೂಟರು ಬಿಟ್ಟರೆ ಬೇರೇನೂ ಓಡಿಸಲು ಬರುತ್ತಿರಲಿಲ್ಲ. ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮಗಳ ಶಾಲೆ ವಿಶ್ವೇಶ್ವರಪುರಂನಲ್ಲಿ. ಅವಳನ್ನು ಕಾರಿನಲ್ಲಿ ಬಿಟ್ಟು ಕರೆತರುವ ಹೊಣೆ ಮಾವನವರದು.

ಮಾವನವರು ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಚ್ಚುಕಟ್ಟಿನ ಮನುಷ್ಯ, ಇಸ್ತ್ರಿ ಮಾಡಿದ ಪಂಚೆ, ಜೇಬಿನಲ್ಲಿ ಪುಟ್ಟ ಪಂಚಾಂಗ. ಅವರ ಕಾರು ಬೂದಿ ಬಣ್ಣದ ಹಳೆಯದು, ಸ್ಟೀರಿಂಗಿನ ಕೆಳಗೇ ಗೇರು ಇರುವಂಥದ್ದು. ಅಕ್ಕಪಕ್ಕದ ಕನ್ನಡಿಗಳನ್ನು ಅವರು ಸದಾ ಒಳಗೆ ಮಡಚಿಯೇ ಇಡುತ್ತಿದ್ದರು. ಯಾಕೆ ಎಂದರೆ, ಬಿಡಿಸಿಟ್ಟರೆ ಆಟೋದವರು ಉಜ್ಜಿ ಒಡೆದುಹಾಕುತ್ತಾರಂತೆ! ಕನ್ನಡಿಯನ್ನು ಉಳಿಸಿಕೊಳ್ಳಲು ಕನ್ನಡಿಯನ್ನೇ ನೋಡದೆ ಓಡಿಸುವವರು ಈ ಬೆಂಗಳೂರು ಬಿಟ್ಟರೆ ಇನ್ನೆಲ್ಲಿಯೂ ಇರಲಾರರು ಎಂದು ನಾನು ಆಗಾಗ ಗೊಣಗುತ್ತಿದ್ದೆ.

ಇದರ ಮೇಲೆ ಅವರಿಗೆ ಕತ್ತಿನ ಮೂಳೆ ಸವೆದು ಕತ್ತು ತಿರುಗುತ್ತಿರಲಿಲ್ಲ. ಡಾಕ್ಟರು ಕೊಟ್ಟ ಕತ್ತಿನ ಪಟ್ಟಿಯನ್ನು ಮನೆಯಲ್ಲಿ ಕಟ್ಟಿಕೊಳ್ಳುತ್ತಿದ್ದರು, ಕಾರು ಹತ್ತುವಾಗ ಬಿಚ್ಚಿಡುತ್ತಿದ್ದರು, ನೋಡಿದವರು ಏನಂದುಕೊಂಡಾರು ಎಂದು. ಹಾಗಿದ್ದರೆ ರಿವರ್ಸ್ ಹೇಗೆ ತೆಗೆಯುತ್ತಿದ್ದರು? ಕಿವಿಯಿಂದ. ನಮ್ಮ ಕಡೆ ಕಾರು ಹಿಂದಕ್ಕೆ ಬರುವಾಗ ಯಾರಾದರೊಬ್ಬರು ಹಿಂದೆ ನಿಂತು ಡಿಕ್ಕಿಯ ಮೇಲೆ ತಟ್ಟುತ್ತ 'ಬರ್ಲಿ, ಬರ್ಲಿ, ಬರ್ಲಿ' ಅನ್ನುವುದು ವಾಡಿಕೆ. ನಮ್ಮ ಮನೆಯಲ್ಲಿ ಆ ಕೆಲಸ ಮಗಳಿಗೆ. ಅವಳಿಗೆ ಅದೊಂದು ದೊಡ್ಡ ಅಧಿಕಾರ. ಬ್ಯಾಗು ಬೆನ್ನಿಗೇರಿಸಿಕೊಂಡು ಗೇಟು ತೆಗೆದು, ಇಷ್ಟುದ್ದದ ಹುಡುಗಿ ದೊಡ್ಡ ಗಂಟಲಲ್ಲಿ 'ಬರ್ಲಿ ತಾತಾ, ಬರ್ಲಿ' ಅನ್ನುವುದನ್ನು ಕೇಳಿ ಬೀದಿಯವರೆಲ್ಲ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಉಳಿದ ದಿನ ಎಂಟಕ್ಕೆ ಹೊರಟರೆ ಸಾಕು. ಸೋಮವಾರ ಮಾತ್ರ ಬೆಳಗ್ಗೆ ಏಳೂವರೆಗೇ ರಾಹುಕಾಲ ಹಿಡಿಯುತ್ತದೆ, ಒಂಬತ್ತರವರೆಗೆ ಬಿಡುವುದಿಲ್ಲ. ರಾಹುಕಾಲದಲ್ಲಿ ಹೊಸ್ತಿಲು ದಾಟಿ ಹೊರಡಬಾರದು ಎನ್ನುವುದು ಮಾವನವರ ಕಟ್ಟುನಿಟ್ಟು. ಆದ್ದರಿಂದ ಏಳೂವರೆಯ ಒಳಗೆ ಕಾರು ಗೇಟು ದಾಟಲೇಬೇಕು. ಭಾನುವಾರ ರಜೆ ಉಂಡು ಮಲಗಿದ ಮಗುವನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಜಡೆ ಹಾಕಿ, ತಿಂಡಿ ತಿನ್ನಿಸಿ ಅಷ್ಟರೊಳಗೆ ಅಂಗಳಕ್ಕೆ ಕಳಿಸುವುದೆಂದರೆ ಅದೊಂದು ಯುದ್ಧ. "ಏಳೂ ಇಪ್ಪತ್ತಾಯ್ತು ಕಣಮ್ಮಾ! ಏಳೂ ಇಪ್ಪತ್ತೈದಾಯ್ತು!" ಎಂದು ಅವರು ಅಂಗಳದಿಂದ ಕೂಗುತ್ತಿದ್ದರು. ಕೊನೆಗೆ ಬಾಗಿಲು ಧಡಾರನೆ ಹಾಕಿಕೊಂಡು ರೊಯ್ಯನೆ ಹಿಂದಕ್ಕೆ ಬರುತ್ತಿದ್ದರು.

ಹಾಗೆ ಬಂದ ಒಂದು ಸೋಮವಾರ ತರಕಾರಿ ತಳ್ಳುಗಾಡಿಗೆ ಗುದ್ದಿದರು. ರಸ್ತೆ ತುಂಬ ಟೊಮ್ಯಾಟೊ. ಗಾಡಿಯವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನ್ ಸಾಮೀ, ಹಿಂದೆಮುಂದೆ ನೋಡೋದಿಲ್ವಾ?"

"ಹಾರ್ನ್ ಹೊಡೆದೆನಲ್ಲಮ್ಮಾ. ನೀನು ಸರೀಬೇಕಿತ್ತು."

"ಇಷ್ಟು ಟೊಮ್ಯಾಟೊ ಇಟ್ಕೊಂಡು ಎಲ್ಲಿಗೆ ಸರೀಲಿ? ಹಾರ್ಕೊಂಡ್ ಹೋಗ್ಲಾ?"

ಇನ್ನೊಂದು ಸೋಮವಾರ ಮುಂದೆ ಹೋಗುತ್ತಿದ್ದ ಸಿಟಿ ಬಸ್ಸಿನ ಬೆನ್ನಿಗೇ ಅಂಟಿಕೊಂಡು ಹೋಗಿ, ಬಸ್ಸು ಸ್ಟಾಪಿನಲ್ಲಿ ನಿಂತಾಗ ಮೂತಿ ಜಜ್ಜಿಸಿಕೊಂಡರು. ಮಗದೊಂದು ಸಲ ಶಾಲೆಯ ಮುಂದೆ, ಹಿಂದೆ ನೋಡದೆ ಬಾಗಿಲು ತೆಗೆದು ಸೈಕಲ್ಲಿನ ಪೇಪರಿನವನನ್ನು ಕೆಡವಿದರು. ಅವನ ಮೊಣಕೈ ಕಿತ್ತುಹೋಗಿ ರಕ್ತ ಸುರಿಯುತ್ತಿತ್ತಂತೆ, ಮಗಳು ಬಂದು ಹೇಳಿದಳು. ಪ್ರತಿ ಸಲವೂ ನಮ್ಮತ್ತೆಯದು ಒಂದೇ ಮದ್ದು. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು, ದೇವಸ್ಥಾನದ ಮುಂದೆ ಕಾರು ನಿಲ್ಲಿಸಿ ಪೂಜೆ ಮಾಡಿಸುವುದು, ಕಾಯಿ ಒಡೆಯುವುದು. ಸೊಟ್ಟಗಾದ ಬಂಪರಿಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕಾರು ಮದುಮಗನ ಹಾಗೆ ಮನೆಗೆ ಬರುತ್ತಿತ್ತು. "ಎದುರು ಬೀದಿಯವರಿಗೆ ನಮ್ಮ ಕಾರು ಕಂಡ್ರೆ ಹೊಟ್ಟೆಉರಿ ಕಣೇ" ಎನ್ನುವುದು ಅತ್ತೆಯ ತೀರ್ಮಾನ. ದೇವರ ಮೇಲೆ ನನಗೂ ಭಕ್ತಿ ಇದೆ. ಆದರೆ ಮಡಚಿಟ್ಟ ಕನ್ನಡಿಯನ್ನು ದೇವರು ಬಂದು ಬಿಡಿಸಬೇಕೇ?

ಆ ಪೇಪರಿನವನ ಕಥೆ ಕೇಳಿದ ದಿನವೇ ಊಟಕ್ಕೆ ಕೂತಾಗ ನಾನು ಬಾಯಿಬಿಟ್ಟಿದ್ದು.

"ಮಾವ, ಕಾರಿಗೆ ಏನೇ ಆದ್ರೂ ಸೋಮವಾರಾನೇ ಆಗತ್ತೆ, ನೋಡಿದೀರಾ? ರಾಹುಕಾಲ ಬರೋಕೆ ಮುಂಚೆ ಓಡಿಹೋಗಬೇಕು ಅಂತ ಅವಸರ ಮಾಡ್ತೀವಲ್ಲ, ಅದಕ್ಕೇ."

ಮಾವನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. "ನಲವತ್ತು ವರ್ಷ ಆಯ್ತಮ್ಮ ನಾನು ಕಾರು ಓಡಿಸ್ತಾ. ನಿನಗೆ ಸೈಕಲ್ಲಾದ್ರೂ ಬರತ್ತಾ?" ಅಂದರು. ಬರುತ್ತಿರಲಿಲ್ಲ. ಅತ್ತೆ ತುಪ್ಪ ಬಡಿಸಲು ಎದ್ದರು, ಗಂಡ ಸಾರು ಚೆನ್ನಾಗಿದೆ ಅಂದರು, ಮಾತು ಅಲ್ಲಿಗೆ ಮುಗಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಅದಾಗಿ ಒಂದೆರಡು ತಿಂಗಳು ಕಳೆದಿರಬೇಕು. ಅವತ್ತೂ ಸೋಮವಾರ. ಜಡೆಯ ರಿಬ್ಬನ್ ಸಿಗದೆ ಹುಡುಕಾಡಿ, ಸಿಕ್ಕಿದ್ದನ್ನು ಕಟ್ಟಿ ಮಗಳನ್ನು ಕಳಿಸುವಷ್ಟರಲ್ಲಿ ಮಾವನವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದರು. ನಾನು ಬಾಚಣಿಗೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಬಂದು ನಿಂತೆ. ಮಗಳು ಗೇಟು ತೆಗೆದು ಕಾರಿನ ಹಿಂದೆ ಹೋಗಿ "ಬರ್ಲಿ ತಾತಾ, ಬರ್ಲಿ" ಅಂದಳು. ಗೇಟಿನಿಂದಾಚೆ ಚರಂಡಿಯ ಚಪ್ಪಡಿ, ಅಲ್ಲಿಂದ ರಸ್ತೆಗೆ ಇಳಿಜಾರು. ಅವಳ ಹೆಗಲಿನಿಂದ ನೀರಿನ ಬಾಟಲು ಜಾರಿ ಉರುಳಿತು. ಎತ್ತಿಕೊಳ್ಳಲು ಬಗ್ಗಿದಳು. ದನಿ ನಿಂತಿತು. ದನಿ ನಿಂತರೆ ಕಾರೂ ನಿಲ್ಲಬೇಕು ತಾನೇ? ನಿಲ್ಲಲಿಲ್ಲ. ಇನ್ನೂ ಜೋರಾಗಿ ಹಿಂದಕ್ಕೆ ಬಂತು. ನಾನು ನೋಡುತ್ತಿದ್ದ ಹಾಗೇ ನನ್ನ ಮಗಳು ಡಿಕ್ಕಿಯ ಹಿಂದೆ ಕಾಣದಾದಳು.

ಹೇಗೆ ಕಿರುಚಿದೆನೋ ಗೊತ್ತಿಲ್ಲ. ಎದುರು ಮನೆಯವರು ಓಡಿಬಂದರು ಎಂದರೆ ಅಷ್ಟು ಜೋರಾಗಿ ಕಿರುಚಿರಬೇಕು. ಕಾರು ಗಕ್ಕನೆ ನಿಂತಿತು. ನಾನು ಓಡಿಹೋಗಿ ನೋಡಿದರೆ ಮಗಳು ನೆಲದ ಮೇಲೆ ಅಂಗಾತ ಬಿದ್ದಿದ್ದಾಳೆ. ಬೆನ್ನಿಗಿದ್ದ ಬ್ಯಾಗು ತಲೆಯ ಹಿಂಭಾಗವನ್ನು ಉಳಿಸಿತ್ತು. ಹಿಂದಿನ ಚಕ್ರ ಅವಳ ಯೂನಿಫಾರಮ್ಮಿನ ಅಂಚಿನ ಮೇಲೆ ನಿಂತಿದೆ. ಚಕ್ರಕ್ಕೂ ಕಾಲಿಗೂ ನಡುವೆ ಇದ್ದದ್ದು ನನ್ನ ಅಂಗೈ ಹಿಡಿಸುವಷ್ಟು ಜಾಗ.

"ಅಮ್ಮಾ, ಯೂನಿಫಾರಂ ಕೊಳೆ ಆಗೋಯ್ತು, ಮಿಸ್ಸು ಬೈತಾರೆ" ಎಂದು ಅಳತೊಡಗಿದಳು.

ಕಾರು ಅರ್ಧ ಅಡಿ ಮುಂದೆ ಹೋದರೆ ಸಾಕಿತ್ತು. ಆದರೆ ಇಳಿಜಾರು. ಬ್ರೇಕಿನಿಂದ ಕಾಲು ತೆಗೆದರೆ ಹಿಂದಕ್ಕೇ ಉರುಳುತ್ತದೆ. ಒಳಗೆ ಮಾವನವರು ಗೇರಿನ ಹಿಡಿಯನ್ನು ಎತ್ತೆತ್ತಲೋ ಎಳೆಯುತ್ತಿದ್ದರು. "ಏನೂ ಮುಟ್ಟಬೇಡಿ!" ಎಂದು ಚೀರಿದೆ. "ಬ್ರೇಕ್ ಮೇಲಿಂದ ಕಾಲು ತೆಗೀಬೇಡಿ, ಏನೂ ಮುಟ್ಟಬೇಡಿ!" ನನಗಾದರೂ ಓಡಿಸಲು ಬಂದಿದ್ದರೆ ಒಳಗೆ ಕೂತು ಆ ಅರ್ಧ ಅಡಿ ಮುಂದೆ ತೆಗೆಯುತ್ತಿದ್ದೆ. ಬರುತ್ತಿರಲಿಲ್ಲ. ಮೊಣಕಾಲೂರಿ ಎರಡೂ ಕೈಯಲ್ಲಿ ಆ ದಪ್ಪ ಬಟ್ಟೆಯನ್ನು ಹರಿದೆ. ಹೊಲಿಗೆ ಬಿಚ್ಚಿತು, ಅಂಚು ಚಕ್ರದಡಿಯಲ್ಲೇ ಉಳಿಯಿತು, ಮಗು ನನ್ನ ಕೈಗೆ ಬಂತು.

ಮೈಕೈ ಮುಟ್ಟಿ ನೋಡಿದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಎದುರು ಮನೆಯವರು ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಮಾವನವರು ಇಳಿದು ಕಾಂಪೌಂಡಿಗೆ ಒರಗಿ ನಿಂತರು, ಮುಖದಲ್ಲಿ ರಕ್ತವೇ ಇರಲಿಲ್ಲ. ಅತ್ತೆ "ಸದ್ಯ, ಭಗವಂತ ಕಾಪಾಡಿದ" ಅನ್ನುತ್ತ ಒಳಗೆ ಹೋಗಿ ತೆಂಗಿನಕಾಯಿ ತಂದರು.

"ಅತ್ತೆ, ಕಾಯಿ ಒಳಗಿಡಿ" ಅಂದೆ. "ಇವತ್ತು ಒಡೆದುಬಿಟ್ರೆ ಎಲ್ಲಾ ಮುಗಿದುಹೋಯ್ತು ಅಂತ ಆಗತ್ತೆ. ಮುಗಿದಿಲ್ಲ."

ಬೀದಿಯಲ್ಲಿ ನಿಂತಿದ್ದವರೆಲ್ಲ ನನ್ನನ್ನೇ ನೋಡಿದರು. ನೋಡಲಿ. ನನ್ನ ಮಗಳು ಆ ಕಾರಿನ ಹಿಂದೆ ಇನ್ನೊಂದು ಸಲ ನಿಲ್ಲಕೂಡದು, ಮಾವನವರು ಸ್ಟೀರಿಂಗ್ ಬಿಡಬೇಕು, ಅಲ್ಲಿಯವರೆಗೆ ನಾನು ಬಿಡುವವಳಲ್ಲ ಎಂದು ಅಲ್ಲೇ ಆ ಚಪ್ಪಡಿಯ ಮೇಲೆ ತೀರ್ಮಾನ ಮಾಡಿದೆ. ಸಂಜೆ ಗಂಡನಿಗೆ ಹೇಳಿದರೆ ಅವರು ತಲೆ ಕೆರೆದುಕೊಂಡರು.

"ಅಪ್ಪಂಗೆ ಹೇಗೆ ಹೇಳೋದೇ? ನೊಂದ್ಕೋತಾರೆ."

"ನೊಂದ್ಕೊಳ್ಳಲಿ. ಚಕ್ರ ಇನ್ನೊಂಚೂರು ಬಂದಿದ್ರೆ ನಾವೆಲ್ಲ ಏನ್ ಮಾಡ್ಕೋತಿದ್ವಿ?"

ಮಾರನೆಯ ದಿನದಿಂದ ಮಗಳನ್ನು ನಾನೇ ಬಸ್ಸಿನಲ್ಲಿ ಬಿಡತೊಡಗಿದೆ, ಅದೇ ವಾರ ಡ್ರೈವಿಂಗ್ ಸ್ಕೂಲಿಗೂ ಸೇರಿದೆ. ಮಾವನವರು ಮುಖ ಊದಿಸಿಕೊಂಡು ನನ್ನ ಜೊತೆ ಮಾತು ಬಿಟ್ಟರು.

ಕಲಿಸುವವನು ಹಲ್ಲು ಕಡ್ಡಿ ಕಚ್ಚಿಕೊಂಡು ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಆಸಾಮಿ. ಅವನ ಪಾಠ ಬಲು ಸರಳ. "ಮೇಡಂ, ಹಾರ್ನ್ ಮೇಲಿಂದ ಕೈ ತೆಗೀಬೇಡಿ. ಬೆಂಗ್ಳೂರಲ್ಲಿ ಗಾಡಿ ಓಡೋದೇ ಹಾರ್ನ್ ಮೇಲೆ."

"ಕನ್ನಡಿ ಹೇಗೆ ನೋಡಬೇಕು ಅಂತ ಹೇಳಿಕೊಡಿ."

"ಮುಂದೆ ನೋಡಿ ಮೇಡಂ, ಸಾಕು. ಹಿಂದಿರೋನು ಅವನ ಪಾಡಿಗೆ ಅವನು ನೋಡ್ಕೋತಾನೆ. ಟೆಸ್ಟಲ್ಲಿ ಸ್ವಲ್ಪ ಹಿಂದೆಮುಂದೆ ತೆಗೆದು ತೋರ್ಸಿದ್ರೆ ಲೈಸನ್ಸ್ ಕೊಟ್ಬಿಡ್ತಾರೆ."

ಅವನಿಂದ ನಾನು ಕಲಿತದ್ದು ಕ್ಲಚ್ಚು, ಗೇರು ಅಷ್ಟೇ. ಉಳಿದದ್ದನ್ನು ಬಸ್‌ಸ್ಟಾಪಿನಲ್ಲಿ ನಿಂತು ಕಲಿತೆ. ಬಸ್ಸು ಬರುವವರೆಗೆ ಬೇರೇನು ಕೆಲಸ? ರಸ್ತೆಯನ್ನೇ ನೋಡುತ್ತಿದ್ದೆ. ಎಡಗಾಲು ಹೊರಗೆ ಚಾಚಿದರೆ ಸಿಗ್ನಲ್ ಕೊಟ್ಟ ಹಾಗೆ ಎಂದುಕೊಂಡು ಆಟೋ ತಿರುಗಿಸಿದವನಿಗೆ ಮೊಪೆಡ್ಡಿನವನು ಬಂದು ಗುದ್ದುವುದು, ನಿಂತ ಕಾರಿನ ಬಾಗಿಲು ತೆರೆದುಕೊಂಡು ಸೈಕಲ್ಲು ಬೀಳುವುದು, ಹಸಿರು ದೀಪಕ್ಕೆ ಕಾಯದೆ ನುಗ್ಗಿದವನು ಇನ್ನೊಬ್ಬ ನುಗ್ಗಿದವನಿಗೇ ತಗುಲಿಕೊಂಡು ಇಬ್ಬರೂ ಕಾಲರ್ ಹಿಡಿಯುವುದು. ಯಾವುದೂ ಪೇಪರಿನಲ್ಲಿ ಬರುವಂಥ ಅಪಘಾತವಲ್ಲ. ಬೈದಾಡಿ, ಧೂಳು ಕೊಡವಿಕೊಂಡು ಹೋಗುತ್ತಿದ್ದರು. ಆದರೆ ನೋಡುತ್ತ ನೋಡುತ್ತ ನನಗೆ ಒಂದು ಖಚಿತವಾಯಿತು. ಎಲ್ಲರೂ ಎದುರಿನವನು ಸರಿಯುತ್ತಾನೆ ಎಂದು ನಂಬಿಕೊಂಡು ಓಡಿಸುತ್ತಿದ್ದಾರೆ. ನಾನು ಮಾತ್ರ ಯಾರೂ ಸರಿಯುವುದಿಲ್ಲ ಎಂದುಕೊಂಡೇ ಓಡಿಸಬೇಕು.

ಲೈಸನ್ಸ್ ಬಂತು. ಗಂಡ ಮಧ್ಯೆ ಕೂತು ಒಂದು ರಾಜಿ ಮಾಡಿಸಿದರು. ಶಾಲೆಯ ಹೊತ್ತಿಗೆ ಕಾರು ನನ್ನದು, ಸಂಜೆಗೆ ಮಾವನವರದು. ಅರ್ಧ ಗೆದ್ದೆ ಅನ್ನಿಸಿತು, ಆದರೆ ಅರ್ಧವೇ.

ನಾನು ಮಾಡಿದ ಮೊದಲ ಕೆಲಸ ಮಡಚಿದ ಕನ್ನಡಿಗಳನ್ನು ಬಿಡಿಸಿದ್ದು. ಎರಡನೆಯದು, ರಾತ್ರಿಯೇ ಕಾರನ್ನು ಅಂಗಳದೊಳಗೆ ಮೂತಿ ರಸ್ತೆಗೆ ಬರುವಂತೆ ತಿರುಗಿಸಿ ನಿಲ್ಲಿಸುವುದು. ಬೆಳಗಿನ ಗಡಿಬಿಡಿಯಲ್ಲಿ ಹಿಂದಕ್ಕೆ ಬರುವ ತಾಪತ್ರಯವೇ ಬೇಡ. ಹೊರಡುವ ಮುನ್ನ ಕಾರಿನ ಸುತ್ತ ಒಂದು ಸುತ್ತು ಬಂದು, ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಆಮೇಲೆ ಕೀಲಿ ತಿರುಗಿಸುತ್ತಿದ್ದೆ. "ಪ್ರದಕ್ಷಿಣೆ ಹಾಕ್ತಾಳೆ ನೋಡು" ಎಂದು ಅತ್ತೆ ನಗುತ್ತಿದ್ದರು. ಹೌದು, ಹಾಕುತ್ತೇನೆ, ಏನೀಗ?

ಉಳಿದದ್ದು ಸೋಮವಾರ. ರಾಹುಕಾಲವನ್ನು ಮೂಢನಂಬಿಕೆ ಎಂದು ಜಗಳವಾಡಬಹುದಿತ್ತು. ಆಡಿದರೆ ಆ ಮನೆಯಲ್ಲಿ ನನ್ನ ಮಾತು ಗೆಲ್ಲುವುದಿಲ್ಲ, ಮಗುವಿನ ಅವಸರವೂ ತಪ್ಪುವುದಿಲ್ಲ. ಹಾಗಾಗಿ ಬೇರೆ ದಾರಿ ಹಿಡಿದೆ. ನನ್ನ ತವರಿನಲ್ಲಿ ಪ್ರಸ್ಥಾನ ಇಡುವ ಪದ್ಧತಿ ಇತ್ತು. ಊರಿಗೆ ಹೊರಡುವ ಒಳ್ಳೆಯ ಘಳಿಗೆ ರೈಲಿನ ಹೊತ್ತಿಗೆ ಹೊಂದದಿದ್ದರೆ, ಆ ಘಳಿಗೆಯಲ್ಲಿ ಒಂದು ಚೀಲವನ್ನೋ ಪಂಚೆಯನ್ನೋ ಒಯ್ದು ನೆರೆಮನೆಯಲ್ಲಿ ಇಟ್ಟು ಬರುವುದು. ಚೀಲ ಹೊರಟರೆ ಮನುಷ್ಯನೂ ಹೊರಟ ಲೆಕ್ಕ, ಆಮೇಲೆ ನಿಧಾನವಾಗಿ ಹೋಗಬಹುದು. ಮಾವನವರು ಎಷ್ಟೇ ಮುನಿಸಿಕೊಂಡಿದ್ದರೂ ಪಂಚಾಂಗದ ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಇರಲಾರರು ಎನ್ನುವುದು ನನಗೆ ಗೊತ್ತಿತ್ತು.

"ಮಾವ, ಮಗೂದು ಸ್ಕೂಲ್ ಬ್ಯಾಗನ್ನ ಏಳು ಗಂಟೆಗೇ ಎದುರು ಮನೇಲಿ ಪ್ರಸ್ಥಾನ ಇಟ್ರೆ ಆಗತ್ತಾ?"

"ಅದು ದೂರ ಪ್ರಯಾಣಕ್ಕೆ ಕಣಮ್ಮಾ. ವಿಶ್ವೇಶ್ವರಪುರಕ್ಕೆ ಯಾರಾದ್ರೂ ಪ್ರಸ್ಥಾನ ಇಡ್ತಾರಾ?"

"ಇಷ್ಟು ಮೈಲಿ ಮೇಲಿದ್ರೆ ಮಾತ್ರ ಅಂತ ಶಾಸ್ತ್ರದಲ್ಲಿದೆಯಾ?"

ಅವರು ಕನ್ನಡಕ ತೆಗೆದು ಒರೆಸಿದರು. "ಹಾಗೇನೂ ಇಲ್ಲ" ಅಂದರು.

ಅಷ್ಟೇ ಸಾಕಾಯಿತು. ಸೋಮವಾರ ಏಳಕ್ಕೆ ಮಗಳು ಬ್ಯಾಗನ್ನು ಎದುರು ಮನೆಯ ಜಗುಲಿಯ ಮೇಲೆ ಇಟ್ಟು ಬರುತ್ತಿದ್ದಳು. ಎದುರು ಮನೆಯಾಕೆ "ಏನೇ ಪುಟ್ಟಿ, ಕಾಶಿಗಾ?" ಎಂದು ರೇಗಿಸುತ್ತಿದ್ದಳು. ಮನೆಗೆ ಬಂದು ದೋಸೆ ತಿಂದು, ನಿಧಾನವಾಗಿ ಜಡೆ ಹಾಕಿಸಿಕೊಂಡು, ಎಂಟಕ್ಕೆ ಸರಿಯಾಗಿ ರಾಹುಕಾಲದ ನಟ್ಟನಡುವೆ ನಾವು ಗೇಟು ದಾಟುತ್ತಿದ್ದೆವು. ಆಮೇಲೆ ಯಾವ ಸೋಮವಾರವೂ ನನ್ನ ಕೈಯಲ್ಲಿ ಕಾರಿಗೆ ಒಂದು ಗೀರೂ ಆಗಲಿಲ್ಲ.

ಆದದ್ದು ಒಂದು ಬುಧವಾರ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಚಾಮರಾಜಪೇಟೆಯಲ್ಲಿ, ಒಂದು ಶಾಲೆಯ ಹತ್ತಿರ ರಸ್ತೆಗೆ ಪಟ್ಟೆ ಬಳಿದಿದ್ದ ಕಡೆ ಇಬ್ಬರು ಹೆಂಗಸರು ದಾಟಲು ಕಾಲಿಟ್ಟರು. ನಾನು ಕಾರು ನಿಲ್ಲಿಸಿದೆ. ಹಿಂದಿನಿಂದ ಆಟೋ ಬಂದು ಧಡ್ ಎಂದು ಗುದ್ದಿತು. ಇಳಿದೆ. ಅವನೂ ಇಳಿದ.

"ಯಾಕ್ ಮೇಡಂ ನಿಲ್ಸಿದ್ರಿ?"

"ಜನ ದಾಟ್ತಿದಾರಲ್ಲಪ್ಪಾ, ಕಾಣ್ಸಲ್ವಾ?"

"ಅದಕ್ಕೆ ಯಾರಾದ್ರೂ ಗಾಡಿ ನಿಲ್ಲಿಸ್ತಾರಾ? ಅವ್ರೇ ಸಂದೀಲಿ ನುಗ್ಗಿ ಹೋಗ್ತಾರೆ!" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ನೆರೆದ ಜನ ಕೂಡ ಅವನ ಪಕ್ಷವೇ. ಒಬ್ಬ ಹಿರಿಯರು ಬಂದು, "ನೋಡಮ್ಮಾ, ರೋಡಲ್ಲಿ ಹೀಗೆಲ್ಲ ದಿಢೀರ್ ಅಂತ ಒಳ್ಳೇದು ಮಾಡಬಾರ್ದು" ಎಂದು ಬುದ್ಧಿ ಹೇಳಿದರು. ಕೋಪದಲ್ಲಿದ್ದರೂ ನನಗೆ ನಗು ಬಂತು. ಮನೆಗೆ ಬಂದು ಯೋಚಿಸಿದಾಗ 'ದಿಢೀರ್' ಎನ್ನುವ ಮಾತು ಮಾತ್ರ ಸರಿ ಎನ್ನಿಸಿತು. ಅಲ್ಲಿಂದ ಮುಂದೆ ದೂರದಿಂದಲೇ ವೇಗ ಇಳಿಸಿ, ಕಿಟಕಿಯಿಂದ ಕೈ ಹೊರಗೆ ಚಾಚಿ ತೋರಿಸಿ, ಹಿಂದಿನವನು ಕನ್ನಡಿಯಲ್ಲಿ ನಿಧಾನವಾಗುವುದನ್ನು ನೋಡಿಕೊಂಡೇ ನಿಲ್ಲಿಸುವ ಅಭ್ಯಾಸ ಮಾಡಿಕೊಂಡೆ. ನಿಲ್ಲಿಸುವುದನ್ನು ಮಾತ್ರ ಬಿಡಲಿಲ್ಲ.

ನಜ್ಜುಗುಜ್ಜಾದ ಡಿಕ್ಕಿ ನೋಡಿ ಮಾವನವರಿಗೆ ಬಾಯಿ ಬಂತು. "ದಾಟೋರಿಗೆ ನಿಲ್ಲಿಸ್ತಾಳಂತೆ! ಈ ಊರಲ್ಲಿ ದಾಟೋರು ಯಾವತ್ತು ಮುಗೀತಾರೆ? ಹಾಗೆ ನಿಲ್ಲಿಸ್ತಾ ಹೋದ್ರೆ ಅಲ್ಲೇ ಮನೆ ಮಾಡ್ಕೋಬೇಕು." ಬಹಳ ದಿನಗಳ ಮೇಲೆ ಅವರು ಮನಸಾರೆ ನಕ್ಕದ್ದು ಅವತ್ತು. ನನಗೆ ಅವಮಾನವಾಯಿತು, ಸುಳ್ಳೇಕೆ ಹೇಳಲಿ.

ಅವಮಾನಕ್ಕಿಂತ ಹೆಚ್ಚಾಗಿ ಹೆದರಿಕೆ. ಸಂಜೆಯಾದರೆ ಮಾವನವರು ಕತ್ತಿನ ಪಟ್ಟಿ ಬಿಚ್ಚಿಟ್ಟು, ಕನ್ನಡಿ ಮಡಚಿ, ಕಾರು ತೆಗೆದುಕೊಂಡು ದೇವಸ್ಥಾನಕ್ಕೋ ಸ್ನೇಹಿತರ ಮನೆಗೋ ಹೊರಡುತ್ತಿದ್ದರು. ಅವರು ತಿರುಗಿ ಬರುವವರೆಗೆ ನನ್ನ ಕಿವಿ ಗೇಟಿನ ಕಡೆಗೇ. ನನ್ನ ಮಗಳು ಈಗ ಆ ಕಾರಿನ ಹಿಂದೆ ನಿಲ್ಲುತ್ತಿರಲಿಲ್ಲ, ನಿಜ. ಬೇರೆಯವರ ಮಕ್ಕಳು? ಬಸವನಗುಡಿಯ ಬೀದಿಗಳಲ್ಲಿ ಸಂಜೆ ಹೊತ್ತು ಎಷ್ಟು ಮಕ್ಕಳು ಆಡುತ್ತವೆ! ಚಕ್ರದಡಿಯಿಂದ ಬಟ್ಟೆ ಹರಿದೆಳೆಯಲು ಪ್ರತಿ ಮಗುವಿನ ತಾಯಿಯೂ ಮೆಟ್ಟಿಲ ಮೇಲೆ ನಿಂತಿರುವುದಿಲ್ಲ. ಇದನ್ನೇ ಒಂದು ದಿನ ಅವರ ಮುಖಕ್ಕೆ ಹೇಳಿದೆ.

"ಮಾವ, ನಿಮ್ಮ ಕತ್ತು ತಿರುಗಲ್ಲ. ನಿಮಗೆ ಗೊತ್ತು, ನನಗೂ ಗೊತ್ತು. ಯಾರದ್ದೋ ಮಗುಗೆ ಏನಾದ್ರೂ ಆಗೋ ಮುಂಚೆ ಬಿಟ್ಬಿಡಿ."

"ನನ್ನ ಕತ್ತು, ನನ್ನ ಕಾರು" ಅಂದರು. "ಮನುಷ್ಯ ಮೂಲೇಲಿ ಕೂತ್ರೆ ಸತ್ತ ಹಾಗೆ. ಸಂಜೆ ಕಾರನ್ನೂ ಕಿತ್ಕೋಬೇಡ." ನನಗೆ ಸಂಕಟವಾಯಿತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಸಂಜೆಯ ಕಾರು ಮಾತ್ರ ಹೊರಡುತ್ತಲೇ ಇತ್ತು, ಹೀಗೇ ಎರಡು ವರ್ಷ ಕಳೆಯಿತು.

ಅವರು ಕಾರು ಬಿಟ್ಟದ್ದು ನನ್ನ ಯಾವ ಮಾತಿನಿಂದಲೂ ಅಲ್ಲ.

ಗೌರಿ ಹಬ್ಬದ ಹಿಂದಿನ ದಿನ. ಶಾಲೆ ಅರ್ಧ ದಿನ ಬಿಟ್ಟಿದ್ದರು, ಮಗಳನ್ನು ಕರೆದುಕೊಂಡು ಗಾಂಧಿ ಬಜಾರಿನ ಮುಖ್ಯರಸ್ತೆಯಲ್ಲಿ ಬರುತ್ತಿದ್ದೆ. ರಸ್ತೆಯ ಎರಡೂ ಬದಿಗೆ ಬಾಳೆಕಂದು, ಹೂವಿನ ರಾಶಿ, ಮೊರದ ಬಾಗಿನದ ಅಂಗಡಿಗಳು. ಉಳಿದ ನಡುವಿನ ಜಾಗದಲ್ಲಿ ಬಸ್ಸು, ಆಟೋ, ಸ್ಕೂಟರುಗಳು ಒಂದರ ಮೇಲೊಂದು ಬೀಳುವ ಹಾಗೆ ನುಗ್ಗುತ್ತಿದ್ದವು. ಹಿಂದಿನ ಸೀಟಿನಿಂದ ಮಗಳು "ಅಮ್ಮಾ, ತಾತ!" ಅಂದಳು.

ಅಳಿಸಿಹೋಗುತ್ತಿದ್ದ ಬಿಳಿ ಪಟ್ಟೆಗಳ ಅಂಚಿನಲ್ಲಿ ಮಾವನವರು ನಿಂತಿದ್ದರು. ಒಂದು ಕೈಯಲ್ಲಿ ಹಬ್ಬದ ಸಾಮಾನಿನ ಚೀಲ. ಕತ್ತು ತಿರುಗದ ಕಾರಣ ಬಲಕ್ಕೆ ನೋಡಲು ಇಡೀ ಮೈ ತಿರುಗಿಸುತ್ತಿದ್ದರು, ಎಡಕ್ಕೆ ನೋಡಲು ಮತ್ತೆ ಇಡೀ ಮೈ. ಅಷ್ಟರಲ್ಲಿ ಬಲದಿಂದ ಇನ್ನೊಂದು ಗಾಡಿ ಬಂದಿರುತ್ತಿತ್ತು. ಒಂದು ಹೆಜ್ಜೆ ಇಡುವರು, ತಿರುಗಿ ಹಿಂದಕ್ಕೆ ಎಳೆದುಕೊಳ್ಳುವರು. ಒಬ್ಬ ಸ್ಕೂಟರಿನವನು ಅವರ ಚೀಲಕ್ಕೇ ಉಜ್ಜಿಕೊಂಡು ಹಾರ್ನ್ ಹೊಡೆಯುತ್ತ ಹೋದ. ಅವರು ಎಡವಿ, ಪಕ್ಕದ ಕಂಬ ಹಿಡಿದುಕೊಂಡರು. ಮನೆಯಲ್ಲಿ ಗುಡುಗುವ ಆ ಮನುಷ್ಯ ಅಲ್ಲಿ ದಿಕ್ಕು ತೋಚದೆ ನಿಂತಿದ್ದರು.

ವೇಗ ಇಳಿಸಿದೆ. ಕೈ ಹೊರಗೆ ಚಾಚಿದೆ. ಕನ್ನಡಿಯಲ್ಲಿ ಹಿಂದಿನ ಬಸ್ಸು ನಿಧಾನವಾದದ್ದನ್ನು ನೋಡಿ, ಪಟ್ಟೆಗೆ ಮುಂಚೆಯೇ ಪೂರ್ತಿ ನಿಲ್ಲಿಸಿದೆ. ಹಾರ್ನುಗಳು ಶುರುವಾದವು. ಬಸ್ಸಿನವನು ತಲೆ ಹೊರಗೆ ಹಾಕಿ, "ಏನಮ್ಮಾ, ಅಲ್ಲೇ ಹಬ್ಬ ಮಾಡ್ತೀರಾ?" ಎಂದು ಕೂಗಿದ. ನಾನು ಎಂಜಿನ್ ಆರಿಸಿಬಿಟ್ಟೆ. ಹಟ ಎಂದರೆ ಹಟ.

ಮಾವನವರು ಕಾರನ್ನಾಗಲಿ ಒಳಗೆ ಇರುವವರನ್ನಾಗಲಿ ಗಮನಿಸಲಿಲ್ಲ. ಯಾವುದೋ ಗಾಡಿ ನಿಂತಿದೆ ಎನ್ನುವುದಷ್ಟೇ ತಿಳಿದಿರಬೇಕು. ನೆಲ ನೋಡುತ್ತ ನಿಧಾನವಾಗಿ ರಸ್ತೆಗಿಳಿದರು. ಅವರ ಹಿಂದೆಯೇ ಕಂಕುಳಲ್ಲಿ ಕೂಸಿದ್ದ ಒಬ್ಬಳು, ಹೂವಿನ ಬುಟ್ಟಿ ಹೊತ್ತ ಇನ್ನೊಬ್ಬಳು ದಾಟಿದರು. ನನ್ನ ಕಾರಿನ ಮುಂದಕ್ಕೆ ಬಂದಾಗ ಅವರು ನಿಂತು, ಇಡೀ ಮೈ ನನ್ನ ಕಡೆ ತಿರುಗಿಸಿ, ಚೀಲದ ಸಮೇತ ಎರಡೂ ಕೈ ಎತ್ತಿ ಮುಗಿದರು. ನಿಲ್ಲಿಸಿದ ಯಾರೋ ಪುಣ್ಯಾತ್ಮರಿಗೆ ಮುಗಿದದ್ದು ಅದು. ಮುಗಿದ ಮೇಲೆ ತಲೆ ಎತ್ತಿ ನೋಡಿದರೆ ಗಾಜಿನಾಚೆ ನಾನು.

ಕೈ ಹಾಗೇ ನಿಂತಿತು. ನನಗೆ ಎಲ್ಲಿ ನೋಡುವುದೋ ತಿಳಿಯಲಿಲ್ಲ. ಅವರು ಎಡಗಡೆಯ ಬಾಗಿಲ ಬಳಿಗೆ ಬಂದು, ತೆಗೆದು, ನನ್ನ ಪಕ್ಕದಲ್ಲಿ ಕೂತರು. ನಾನು ಓಡಿಸುವ ಕಾರಿನಲ್ಲಿ ಅವರು ಕೂತದ್ದು ಅದೇ ಮೊದಲು.

"ತುಂಬ ಹೊತ್ತಿಂದ ನಿಂತಿದ್ರಾ ತಾತಾ?" ಮಗಳು ಕೇಳಿದಳು.

"ಹ್ಞೂ ಪುಟ್ಟಿ. ಒಬ್ರೂ ನಿಲ್ಸಲಿಲ್ಲ." ಚೀಲವನ್ನು ಕಾಲ ಬಳಿ ಇಟ್ಟು, ನನ್ನನ್ನು ನೋಡದೆಯೇ ಹೇಳಿದರು. "ನಾನೂ ಯಾರಿಗೂ ನಿಲ್ಸಿದೋನಲ್ಲ ಕಣಮ್ಮಾ. ನಲವತ್ತು ವರ್ಷ. ಸಂಜೆನೂ ಇನ್ಮೇಲೆ ನೀನೇ ಓಡಿಸು."

ನನ್ನ ಕಣ್ಣು ಮಂಜಾಯಿತು. ಒರೆಸಿಕೊಂಡು ಕೀಲಿಗೆ ಕೈ ಹಾಕಿದೆ. ಹಿಂದೆ ಬಸ್ಸಿನವನು ಹಾರ್ನಿನಿಂದ ಕೈಯನ್ನೇ ತೆಗೆಯುತ್ತಿರಲಿಲ್ಲ.

"ಬಾಗಿಲು ಹಾಕ್ಕೊಳಿ ಮಾವ, ಹಿಂದಿನೋರು ಬೈತಿದಾರೆ."

ಅವರು ಬಾಗಿಲು ಎಳೆದುಕೊಂಡು ಎದುರಿಗೆ ಕೈ ತೋರಿಸಿದರು. ಕೋಲೂರಿಕೊಂಡು ಒಬ್ಬ ಅಜ್ಜಿ ರಸ್ತೆಗಿಳಿಯಲೋ ಬೇಡವೋ ಎಂದು ನಮ್ಮ ಕಾರನ್ನೇ ನೋಡುತ್ತ ನಿಂತಿದ್ದಳು.

"ಬೈಲಿ ಬಿಡು" ಅಂದರು ಮಾವ. "ಆಕೆನೂ ದಾಟ್ಲಿ, ಆಮೇಲೆ ತೆಗಿ."